ಎಲ್ಲಾ ಗೊತ್ತಿದ್ದೂ ಮಾಡದವರಿಗೆ ಇನ್ನೇನು ಹೇಳುವುದು?

ಒಗ್ಗರಣೆ_ದಾವಣಗೆರೆ
ಮೊದಲೇ ಹೇಳಿಬಿಡುತ್ತೇನೆ, ನನಗೆ ಡಯಟ್ ಚಾರ್ಟ್ ಬೇಡ. ಮೆಂತ್ಯದ ನೀರು, ಹಾಗಲಕಾಯಿ ರಸ, ಅಮೃತಬಳ್ಳಿ ಯಾವುದೂ ಬೇಡ. ನನ್ನ ಪ್ರಶ್ನೆ ಬೇರೆ.

ನಮ್ಮ ಮನೆಯವರು ಲ್ಯಾಬ್ ಟೆಕ್ನಿಷಿಯನ್. ಬೆಳಗಾದರೆ ಊರಿನವರ ರಕ್ತ ತೆಗೆಯುವುದು, ಶುಗರ್ ನೋಡುವುದು, ರಿಪೋರ್ಟ್ ಕೊಡುವುದು ಇದೇ ಕೆಲಸ. ಕೌಂಟರಿನಲ್ಲಿ ಯಾರಾದರೂ ರಿಪೋರ್ಟ್ ಹಿಡಿದು ಗಾಬರಿಯಾದರೆ ಕೂರಿಸಿ ಸಮಾಧಾನ ಹೇಳುತ್ತಾರೆ. ಅನ್ನ ಅರ್ಧ ಮಾಡಿ, ಊಟ ಆದಮೇಲೆ ನಡೆಯಿರಿ, ಹೆದರಬೇಡಿ ಅನ್ನುತ್ತಾರೆ. ಹೋದ ತಿಂಗಳು ತಮ್ಮದೇ ರಕ್ತವನ್ನು ಅದೇ ಮಷಿನ್‌ಗೆ ಹಾಕಿದರು. ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ, 7.4 ಬಂತು. ಡಾಕ್ಟರ್ ಮಾತ್ರೆ ಬರೆದುಕೊಟ್ಟು, ಉಳಿದದ್ದು ನಿಮಗೆ ನಾನೇನು ಹೇಳಲಿ ಅಂದರಂತೆ.

ಸಂಜೆ ಲ್ಯಾಬ್ ಬಾಗಿಲು ಹಾಕಿದರೆ ಗಾಡಿ ಮಂಡಕ್ಕಿ-ಮಿರ್ಚಿ ಅಂಗಡಿ ಮುಂದೆಯೇ ನಿಲ್ಲುತ್ತದೆ. ವಾಕಿಂಗ್‌ಗೆ ಅಂತ ತಂದ ಶೂ ಡಬ್ಬದಲ್ಲೇ ಇದೆ. ಕೇಳಿದರೆ "ಸೋಮವಾರದಿಂದ" ಅನ್ನುತ್ತಾರೆ. ಇಷ್ಟು ತಿಳಿದವರಿಗೆ ಮತ್ತೇನು ತಿಳಿಸುವುದು? ಶಿಸ್ತು ಅನ್ನುವುದು ಹುಟ್ಟಿನಿಂದ ಬರುವುದಾ, ಬೆಳೆಸಿಕೊಳ್ಳುವುದಾ? ಬೆಳೆಸಿಕೊಳ್ಳುವುದಾದರೆ ಎಲ್ಲಿಂದ ಶುರು?

ನಾಟಿಮದ್ದು_ಅಭಿಮಾನಿ
ಮೆಂತ್ಯದ ನೀರು ಒಮ್ಮೆ ಕೊಟ್ಟು ನೋಡಿ ಅಕ್ಕಾ.

ಹುಬ್ಬಳ್ಳಿ_ಮಂದಿ
ಯಪ್ಪಾ, ಮೊದಲನೇ ಸಾಲು ಓದಿರಿ.

ಬೆಳಿಗ್ಗೆ_ಐದಕ್ಕೆ
ಇದರಲ್ಲಿ ಚರ್ಚೆ ಮಾಡುವಂಥದ್ದು ಏನಿದೆ? ಮನಸ್ಸು ಗಟ್ಟಿ ಮಾಡಬೇಕು. ನಾಳೆ ಎಂದವನ ಮನೆ ಹಾಳು ಅಂತ ಹಿರಿಯರು ಸುಮ್ನೆ ಹೇಳಿದರಾ? ಐದು ಗಂಟೆಗೆ ಅಲಾರಂ, ಎದ್ದ ಕೂಡಲೇ ತಣ್ಣೀರು, ಆಮೇಲೆ ಓಟ. 21 ದಿನ ಹಲ್ಲು ಕಚ್ಚಿಕೊಂಡು ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ. ಮಾಡದವರಿಗೆ ಮಾಡಬೇಕು ಅನ್ನಿಸಿಲ್ಲ, ಅಷ್ಟೇ.

ಹಳೇ_ಮೇಷ್ಟ್ರು
ಮಹಾಭಾರತದಲ್ಲಿ ದುರ್ಯೋಧನನೇ ಹೇಳುತ್ತಾನಲ್ಲ, ಧರ್ಮ ಯಾವುದು ಅಂತ ಗೊತ್ತು, ಅದರ ಕಡೆ ಹೋಗಲಾರೆ. ಅಧರ್ಮ ಯಾವುದು ಅಂತಲೂ ಗೊತ್ತು, ಬಿಡಲಾರೆ ಅಂತ. ನಿಮ್ಮ ಯಜಮಾನರದ್ದು ಬಹಳ ಹಳೆಯ ಕಾಯಿಲೆ ತಾಯಿ. ಶುಗರ್‌ಗಿಂತ ಹಳೆಯದು.

ತಾಳೆಗರಿ
ಮೇಷ್ಟ್ರೇ, ಸಣ್ಣ ತಿದ್ದುಪಡಿ. ಆ ಶ್ಲೋಕ ಜನರ ಬಾಯಲ್ಲಿ ಮಹಾಭಾರತದ್ದೇ ಆಗಿಹೋಗಿದೆ, ಆದರೆ ಇರುವುದು ಪಾಂಡವಗೀತೆಯಲ್ಲಿ. ಅಲ್ಲದೆ ದುರ್ಯೋಧನ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಎದೆಯೊಳಗೆ ಕೂತ ಯಾವುದೋ ದೇವರು ಆಡಿಸಿದ ಹಾಗೆ ಆಡುತ್ತೇನೆ ಅಂತ ಜಾರಿಕೊಳ್ಳುತ್ತಾನೆ. "ಸೋಮವಾರದಿಂದ" ಅನ್ನುವುದಕ್ಕಿಂತ ಚೆನ್ನಾದ ನೆಪ.

ಹಳೇ_ಮೇಷ್ಟ್ರು
ಒಪ್ಪಿದೆ. ದುರ್ಯೋಧನನಂತೂ ಅವನೇ ತಾನೇ!

ಸೈಕಾಲಜಿ_ಬೆಂಚು
@ಬೆಳಿಗ್ಗೆ_ಐದಕ್ಕೆ, ಆ 21 ದಿನದ ಮಾತು ಎಲ್ಲಿಂದ ಬಂತು ಗೊತ್ತಾ? ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದು. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಕನ್ನಡಿಯಲ್ಲಿ ರೂಢಿಯಾಗಲು ಕನಿಷ್ಠ 21 ದಿನ ಬೇಕು ಅಂತ ಅವರಿಗೆ ಕಂಡಿತ್ತು. ಆ "ಕನಿಷ್ಠ" ಬಾಯಿಂದ ಬಾಯಿಗೆ ಹೋಗುತ್ತಾ ಬಿದ್ದುಹೋಯಿತು. 2010ರಲ್ಲಿ ಲಂಡನ್‌ನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಇಟ್ಟುಕೊಂಡು ಇದನ್ನು ನೋಡಿದರು. ಮಧ್ಯಾಹ್ನದ ಊಟದ ಜೊತೆ ಒಂದು ಹಣ್ಣು, ರಾತ್ರಿ ಊಟಕ್ಕೆ ಮುಂಚೆ ಒಂದಿಷ್ಟು ಓಟ, ಇಂಥ ಸಣ್ಣ ಸಣ್ಣ ಅಭ್ಯಾಸಗಳು. ಯೋಚನೆ ಇಲ್ಲದೆ ತಾನಾಗಿ ಆಗುವ ಹಂತಕ್ಕೆ ಬರಲು ಸುಮಾರು 66 ದಿನ. ಕೆಲವರಿಗೆ 18 ದಿನವಾದರೆ ಕೆಲವರಿಗೆ 254ರ ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಕಾಣಲಿಲ್ಲ.

ಈ ಕೊನೆಯ ಮಾತು ಅಕ್ಕನ ಯಜಮಾನರಿಗೆ ಮುಖ್ಯ. ಮಂಗಳವಾರ ತಪ್ಪಿದರೆ ಮುಂದಿನ ಸೋಮವಾರದ ತನಕ ಕಾಯಬೇಕಿಲ್ಲ, ಬುಧವಾರವೇ ಸಾಕು.

ಬೆಳಿಗ್ಗೆ_ಐದಕ್ಕೆ
ಸಂಶೋಧನೆ ಓದಿ ಯಾರೂ ಹೊಟ್ಟೆ ಕರಗಿಸಿಲ್ಲ ಮೇಡಂ.

ಸೈಕಾಲಜಿ_ಬೆಂಚು
ಸರಿ, ನಿಮ್ಮದನ್ನೇ ನೋಡೋಣ. ಅಲಾರಂ ರಾತ್ರಿಯೇ ಇಡುತ್ತೀರಿ. ಶೂ ಬಾಗಿಲ ಹತ್ತಿರ ಇರುತ್ತದೆ. ಯಾರೋ ಗೆಳೆಯರು ಕೆಳಗೆ ಕಾಯುತ್ತಿರುತ್ತಾರೆ ಅಂತಲೂ ನನ್ನ ಊಹೆ. ಬೆಳಿಗ್ಗೆ ನಿಮ್ಮನ್ನು ಎಬ್ಬಿಸುವುದು ಗಟ್ಟಿ ಮನಸ್ಸಾ, ಆ ಏರ್ಪಾಡಾ?

ಬೆಳಿಗ್ಗೆ_ಐದಕ್ಕೆ
ಗೆಳೆಯ ಕಾಯುವುದು ನಿಜ. ಆದರೆ ಏರ್ಪಾಡು ಮಾಡಿಕೊಳ್ಳಲೂ ಮನಸ್ಸು ಬೇಕಲ್ಲ? ಶೂ ತಾನಾಗಿ ಬಾಗಿಲ ಹತ್ತಿರ ಬರುವುದಿಲ್ಲ.

ಕಡಲತಡಿ_ಬ್ಯಾಂಕು
ಈ ಮಾತಿಗೆ ನಮ್ಮ ಕಡೆಯ ಒಂದು ಹಳೇ ವಿಷಯ ನೆನಪಾಯಿತು. ನಾನು ಬ್ಯಾಂಕಿನಿಂದ ನಿವೃತ್ತನಾದವನು, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ದುಡ್ಡು ಉಳಿಸಬೇಕು ಅನ್ನುವುದು ಯಾರಿಗೆ ಗೊತ್ತಿಲ್ಲ? ನೂರು ವರ್ಷದ ಹಿಂದೆ ಉಡುಪಿಯ ಮೀನು ಮಾರುವ ಹೆಂಗಸಿಗೂ ಗೊತ್ತಿತ್ತು, ನೇಕಾರನಿಗೂ ಗೊತ್ತಿತ್ತು. ಆದರೆ ಸಂಜೆ ಕೈಗೆ ಬಂದದ್ದು ರಾತ್ರಿಯೊಳಗೆ ಖರ್ಚು. 1925ರಲ್ಲಿ ಉಡುಪಿಯಲ್ಲಿ ಶುರುವಾದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಟಿ.ಎಂ.ಎ. ಪೈ ಅವರ ಕಾಲ. ಉಳಿತಾಯದ ಮಹತ್ವದ ಬಗ್ಗೆ ಭಾಷಣ ಮಾಡಿಸಲಿಲ್ಲ. ಏಜೆಂಟನನ್ನು ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಕಳಿಸಿದರು. ಎರಡಾಣೆ ಕೊಟ್ಟರೂ ತಗೊಂಡು ಬರೆದುಕೊಳ್ಳುತ್ತಿದ್ದ. ಜನ ಬದಲಾಗಲಿಲ್ಲ, ಅವರ ಗುಣ ಬದಲಾಗಲಿಲ್ಲ. ದುಡ್ಡು ಕೈಯಲ್ಲಿ ಇರುವ ಹೊತ್ತಿಗೆ ಸರಿಯಾಗಿ ಒಬ್ಬ ಮನುಷ್ಯ ಎದುರಿಗೆ ಬಂದು ನಿಲ್ಲುತ್ತಿದ್ದ, ಅಷ್ಟೇ ವ್ಯತ್ಯಾಸ. ಹಾಗೆ ಕೂಡಿಟ್ಟ ಪಿಗ್ಮಿ ದುಡ್ಡಲ್ಲಿ ಮಗಳ ಮದುವೆ ಮಾಡಿದವರನ್ನು, ಅಂಗಡಿಗೆ ಶೀಟ್ ಹಾಕಿಸಿದವರನ್ನು ನಾನೇ ಕೌಂಟರಿನಲ್ಲಿ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು, ಬ್ಯಾಂಕಿಗೆ ಹೋಗಿ ಕಟ್ಟಿ ಬನ್ನಿ ಅಂದಿದ್ದರೆ ಒಂದು ವಾರವೂ ಕಟ್ಟುತ್ತಿರಲಿಲ್ಲ.

ಹಾಗಾಗಿ ಅಮ್ಮಾ, ನಿಮ್ಮವರಿಗೆ ಬುದ್ಧಿ ಹೇಳುವುದು ಬಿಡಿ. ಸಂಜೆ ಆರಕ್ಕೆ ಬಾಗಿಲಿಗೆ ಬರುವ ಪಿಗ್ಮಿ ಏಜೆಂಟ್ ಯಾರು ಅಂತ ಹುಡುಕಿ.

ಹುಬ್ಬಳ್ಳಿ_ಮಂದಿ
ಭಾರಿ ಹೇಳಿದಿರಿ ಸರ್.

ಕೆಂಪುಬಳೆ
ಎಲ್ಲರೂ ತಲೆ ಆಡಿಸುವ ಮುಂಚೆ ಒಂದು ಪ್ರಶ್ನೆ. ಆ ಏಜೆಂಟ್ ಯಾರಾಗುತ್ತಾರೆ? ನಾನು ಹೇಳುತ್ತೇನೆ, ಹೆಂಡತಿ. ಶೂ ಬಾಗಿಲಿಗೆ ತಂದಿಡುವುದು, ಡಬ್ಬಿಗೆ ಕಾಳು ಕಟ್ಟುವುದು, ಅನ್ನ ಅಳೆದು ಬಡಿಸುವುದು, ಮಾತ್ರೆ ನೆನಪಿಸುವುದು, ಕೊನೆಗೆ "ಏನೇ ನಿನ್ನ ಕಿರಿಕಿರಿ" ಅಂತ ಅನ್ನಿಸಿಕೊಳ್ಳುವುದೂ ಅವಳೇ. ನಮ್ಮ ಮನೆಯಲ್ಲಿ ಮಾವನವರಿಗೆ ಶುಗರ್ ಬಂದಾಗ ಅತ್ತೆ ಇದನ್ನೆಲ್ಲ ಮಾಡಿದರು. ಊರೆಲ್ಲ ಮಾವನ ಶಿಸ್ತನ್ನು ಹೊಗಳಿತು. ಅತ್ತೆಗೆ ಬಿಪಿ ಬಂತು. ಅವರು ವಾಕಿಂಗ್ ಹೋದರಾ, ಮಾತ್ರೆ ತಗೊಂಡರಾ ಅಂತ ಕೇಳುವವರು ಯಾರೂ ಇರಲಿಲ್ಲ.

ಪಿಗ್ಮಿ ಏಜೆಂಟನಿಗಾದರೂ ಕಮಿಷನ್ ಇತ್ತು.

ಕಡಲತಡಿ_ಬ್ಯಾಂಕು
ಕಮಿಷನ್ ಮಾತು ನಿಜ. ಆದರೆ ನಾನು ಹೆಂಡತಿ ಅಂತ ಹೇಳಲಿಲ್ಲ.

ಕೆಂಪುಬಳೆ
ನೀವು ಹೇಳಬೇಕಿಲ್ಲ ಸರ್. ಬೇರೆ ಯಾರ ಹೆಸರೂ ಹೇಳದಿದ್ದರೆ ಕೆಲಸ ತಾನಾಗಿ ಅವಳ ತಲೆಗೇ ಬರುತ್ತದೆ.

ಸಕ್ಕರೆನಾಡು_ಗೌಡ
ಮುದ್ದೆ ಶುರು ಮಾಡಲಿ ಸ್ವಾಮಿ, ಎಲ್ಲಾ ಸರಿಹೋಗುತ್ತದೆ. ನಮ್ಮ ತಾತ ಎರಡು ಹೊತ್ತೂ ಮುದ್ದೆ ತಿಂದು ಗಟ್ಟಿಯಾಗಿದ್ದರು. ಶುಗರ್ ಇಲ್ಲ, ಬಿಪಿ ಇಲ್ಲ.

ರಾತ್ರಿಪಾಳಿ_ಸಿಸ್ಟರ್
ನಿಮ್ಮ ತಾತ ಮುದ್ದೆ ತಿಂದು ಗದ್ದೆಗೆ ಹೋಗುತ್ತಿದ್ದರು. ನೀವು ಮುದ್ದೆ ತಿಂದು ಸೋಫಾಗೆ ಹೋಗುತ್ತೀರಿ.

ಲೆಕ್ಕ ನೋಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಪಾಲಿಶ್ ಅಕ್ಕಿಯಲ್ಲಿ ಸುಮಾರು 78. ಭಾರಿ ದೂರವೇನಿಲ್ಲ. ನಾರು ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3ರ ಆಸುಪಾಸು, ಅಲ್ಲಿ ಮಾತ್ರ ರಾಗಿ ಮುಂದು. ಅಂದರೆ ಒಂದು ಚಿಕ್ಕ ಮುದ್ದೆ, ಜೊತೆಗೆ ಸೊಪ್ಪು ಕಾಳಿನ ಸಾರು, ಒಳ್ಳೆಯ ಊಟ. ಎರಡು ದೊಡ್ಡ ಮುದ್ದೆ ಹೊಡೆದು ಮೇಲೆ ಅನ್ನ ಕಲಸಿದರೆ ರಾಗಿ ಏನು ಮಾಡೀತು?

ಸಕ್ಕರೆನಾಡು_ಗೌಡ
ಮೇಲೆ ಅನ್ನ ಇಲ್ಲದಿದ್ದರೆ ಊಟ ಆದ ಹಾಗೇ ಅನ್ನಿಸುವುದಿಲ್ಲವಲ್ಲ ಸಿಸ್ಟರ್.

ಹುಬ್ಬಳ್ಳಿ_ಮಂದಿ
ನಮ್ಮ ಜೋಳದ ರೊಟ್ಟಿ ಸುದ್ದಿ ಯಾರೂ ತೆಗೆಯಲಿಲ್ಲ. ಇದು ಅನ್ಯಾಯ.

ಒಗ್ಗರಣೆ_ದಾವಣಗೆರೆ
ರೊಟ್ಟಿ-ಮುದ್ದೆ ಜಗಳಕ್ಕೆ ಬೇರೆ ಜಾಗ ನೋಡಿಕೊಳ್ಳಿ, ನನ್ನ ಪ್ರಶ್ನೆ ಎಲ್ಲೋ ಹೋಯಿತು!

@ಕೆಂಪುಬಳೆ, ನೀವು ಹೇಳಿದ್ದು ಎದೆಗೆ ತಾಗಿತು. ನಾನೂ ಕೆಲಸಕ್ಕೆ ಹೋಗುವವಳು. ಅವರ ಕಾವಲು ಕಾಯಲು ನನಗೆ ಹೊತ್ತಿಲ್ಲ, ಇಷ್ಟವೂ ಇಲ್ಲ.

ಆರೋಗ್ಯ_ಕಚೇರಿ
ಗೊತ್ತಿರುವುದಕ್ಕೂ ಮಾಡುವುದಕ್ಕೂ ನಡುವೆ ಎಷ್ಟು ದೂರ ಅನ್ನುವುದಕ್ಕೆ ಒಂದು ದೊಡ್ಡ ಪ್ರಯೋಗವೇ ಇದೆ. ಅಮೆರಿಕದಲ್ಲಿ ಶುಗರ್ ಗಡಿಯಲ್ಲಿದ್ದ 3,234 ಜನರನ್ನು ಮೂರು ಗುಂಪು ಮಾಡಿದರು. ಫಲಿತಾಂಶ ಬಂದದ್ದು 2002ರಲ್ಲಿ. ಒಂದು ಗುಂಪಿಗೆ ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ, ಒಂದಕ್ಕೆ ಔಷಧ ಇಲ್ಲದ ಹುಸಿ ಮಾತ್ರೆ. ಈ ಎರಡೂ ಗುಂಪಿಗೆ ಏನು ತಿನ್ನಬೇಕು, ಎಷ್ಟು ನಡೆಯಬೇಕು ಅಂತ ಬರೆದುಕೊಟ್ಟು, ವರ್ಷಕ್ಕೊಮ್ಮೆ ಕೂರಿಸಿ ಹೇಳುತ್ತಿದ್ದರು. ಅಂದರೆ ಅವರಿಗೂ "ಗೊತ್ತಿತ್ತು". ಮೂರನೇ ಗುಂಪಿನವರಿಗೆ ಮಾತ್ರ ಒಬ್ಬೊಬ್ಬರಿಗೆ ಒಬ್ಬ ಮಾರ್ಗದರ್ಶಕ, 16 ಪಾಠ, ತೂಕ ಶೇ 7 ಇಳಿಸಬೇಕು, ವಾರಕ್ಕೆ 150 ನಿಮಿಷ ನಡೆಯಬೇಕು ಅನ್ನುವ ಗುರಿ, ಆಗಾಗ ಕರೆದು ವಿಚಾರಿಸುವುದು.

ಸುಮಾರು ಮೂರು ವರ್ಷದಲ್ಲಿ ಹುಸಿ ಮಾತ್ರೆಯವರಿಗೆ ಹೋಲಿಸಿದರೆ ಮೆಟ್‌ಫಾರ್ಮಿನ್ ಗುಂಪಿನಲ್ಲಿ ಶುಗರ್ ಆಗುವುದು ಶೇ 31 ಕಡಿಮೆ, ಮೂರನೇ ಗುಂಪಿನಲ್ಲಿ ಶೇ 58 ಕಡಿಮೆ. ಚೆನ್ನೈನಲ್ಲಿ ನಮ್ಮವರ ಮೇಲೆ ಇಂಥದ್ದೇ ಮಾಡಿದಾಗ, 2006ರಲ್ಲಿ, ಶೇ 28ರಷ್ಟು ಕಡಿಮೆ ಕಂಡಿತು. ಅಮೆರಿಕದಷ್ಟಿಲ್ಲ, ಆದರೂ ಸಣ್ಣದಲ್ಲ.

ಅಕ್ಕನ ಯಜಮಾನರು ಗಡಿ ದಾಟಿದ್ದಾರೆ. ಎಚ್‌ಬಿಎ1ಸಿ 6.5 ಮುಟ್ಟಿದರೆ ಶುಗರ್ ಅಂತಲೇ ಲೆಕ್ಕ. ಹಾಗಾಗಿ ಈ ಅಂಕಿ ನೇರವಾಗಿ ಅವರಿಗೆ ಹೊಂದುವುದಿಲ್ಲ. ಮಾತ್ರೆ ಬಿಡಿಸಬೇಡಿ.

ಇನ್ನೊಂದು. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಶುಗರ್ ಇದೆ, 13.6 ಕೋಟಿ ಜನ ಗಡಿಯಲ್ಲಿದ್ದಾರೆ. @ಬೆಳಿಗ್ಗೆ_ಐದಕ್ಕೆ, ಇಷ್ಟೂ ಜನರ ಮನಸ್ಸು ಒಟ್ಟಿಗೇ ಸಡಿಲವಾಯಿತಾ?

ಬೆಳಿಗ್ಗೆ_ಐದಕ್ಕೆ
ಇಷ್ಟೂ ಜನ ಒಟ್ಟಿಗೇ ಸೋಮಾರಿಗಳಾದರು ಅಂತ ನಾನೆಲ್ಲಿ ಹೇಳಿದೆ? ಆದರೆ ಆ ಮೂರನೇ ಗುಂಪಿನಲ್ಲೂ ಕಾಲು ಎತ್ತಿ ಇಟ್ಟವರು ಅವರೇ ತಾನೇ. ಮಾರ್ಗದರ್ಶಕ ಬಂದು ನಡೆದುಕೊಡಲಿಲ್ಲ.

ತಾಳೆಗರಿ
ಈ ಮಾತಿಗೆ ನನ್ನ ಒಂದು ಓಟು. ಏರ್ಪಾಡು, ಏರ್ಪಾಡು ಅಂತ ಎಲ್ಲವನ್ನೂ ಹೊರಗೆ ಹಾಕಿದರೆ ಮತ್ತೆ ದುರ್ಯೋಧನನ ಹಾದಿಯೇ. ಎದೆಯೊಳಗಿನ ದೇವರ ಬದಲು ಅಂಗಡಿಯವನು, ಅಷ್ಟೇ.

ಫ್ರೀಮಾಂಟ್_ಕನ್ನಡಿಗ
ನನಗೆ ಕೆಲಸ ಮಾಡಿದ್ದು ತೋಳಿಗೆ ಅಂಟಿಸುವ ಸೆನ್ಸರ್. ಸುಮಾರು ಎರಡು ವಾರ ಇರುತ್ತದೆ, ಚರ್ಮದ ಕೆಳಗಿನ ದ್ರವದಿಂದ ಸಕ್ಕರೆ ಅಳೆದು ಫೋನಿಗೆ ಕಳಿಸುತ್ತದೆ. ಇಡ್ಲಿ ತಿಂದು ಕೂತರೆ ಗೆರೆ ಎಲ್ಲಿಗೆ ಹೋಗುತ್ತದೆ, ತಿಂದು ಹದಿನೈದು ನಿಮಿಷ ನಡೆದರೆ ಎಲ್ಲಿಗೆ ಹೋಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಅದನ್ನು ನೋಡಿದ ಮೇಲೆ ಯಾರೂ ಹೇಳಬೇಕಾಗಲಿಲ್ಲ.

ರಾತ್ರಿಪಾಳಿ_ಸಿಸ್ಟರ್
ನಿಮಗೆ ಆ ಅಂಕಿ ಹೊಸದು, ಅದಕ್ಕೆ ಬೆಚ್ಚಿದಿರಿ. ಲ್ಯಾಬಿನವರು ದಿನಾ ರಕ್ತದ ಸಕ್ಕರೆ 300, 400 ಇರುವ ರಿಪೋರ್ಟ್ ನೋಡುತ್ತಿರುತ್ತಾರೆ. ಎಚ್‌ಬಿಎ1ಸಿ 7.4 ಅವರ ಕಣ್ಣಿಗೆ "ಪರವಾಗಿಲ್ಲ" ಅನ್ನುವ ಸಾಲಿನಲ್ಲಿ ಬರುತ್ತದೆ. ನಮ್ಮ ವಾರ್ಡಿನಲ್ಲೂ ಇದೇ. ದಿನಾ ಶುಗರ್‌ನವರ ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವವರು ಡ್ಯೂಟಿ ನಡುವೆ ಟೀ ಬನ್ ತಿನ್ನುತ್ತೇವೆ. ಜಾಸ್ತಿ ನೋಡಿದವರಿಗೆ ಭಯವೂ ರೂಢಿಯಾಗುತ್ತದೆ.

ಅಕ್ಕಾ, ಒಂದು ಕೇಳಲಾ? ಅವರು ಮಧ್ಯಾಹ್ನ ಎಷ್ಟು ಗಂಟೆಗೆ ಊಟ ಮಾಡುತ್ತಾರೆ? ಮಿರ್ಚಿ ಅಂಗಡಿಗೆ ಒಬ್ಬರೇ ಹೋಗುತ್ತಾರಾ?

ಒಗ್ಗರಣೆ_ದಾವಣಗೆರೆ
ಹನ್ನೆರಡೂವರೆಗೇ ಊಟ. ಆಮೇಲೆ ಮಧ್ಯಾಹ್ನದ ಸ್ಯಾಂಪಲ್‌ಗಳು ಬರುತ್ತವೆ. ಸಂಜೆ ಆರೂವರೆಗೆ ಬಿಡುವುದು. ನಡುವೆ ಎರಡು ಟೀ ಅಷ್ಟೇ.

ಒಬ್ಬರೇ ಅಲ್ಲ, ಕಾಲೇಜಿನ ಕಾಲದಿಂದ ಇರುವ ಮೂವರು ಗೆಳೆಯರು. ಒಬ್ಬರದ್ದು ಅಲ್ಲೇ ಎದುರಿಗೆ ಮೊಬೈಲ್ ಅಂಗಡಿ. ಅರ್ಧ ಗಂಟೆ ನಿಂತು ಮಾತಾಡಿ ಬರುತ್ತಾರೆ. ಈಗ ಬರೆಯುವಾಗ ಅನ್ನಿಸುತ್ತಿದೆ, ಮಿರ್ಚಿ ಬಿಡಿ ಅಂತ ನಾನು ಹೇಳಿದಾಗಲೆಲ್ಲ ಅವರಿಗೆ ಗೆಳೆಯರನ್ನು ಬಿಡು ಅಂದ ಹಾಗೆ ಕೇಳಿಸಿರಬಹುದು. ದಿನದಲ್ಲಿ ಅವರು ನಗುವುದು ಆ ಅರ್ಧ ಗಂಟೆ ಮಾತ್ರ.

ರಾತ್ರಿಪಾಳಿ_ಸಿಸ್ಟರ್
ನೋಡಿ, ಶಿಸ್ತಿನ ಮಾತು ಆಮೇಲೆ. ಆರು ಗಂಟೆ ಹೊತ್ತು ಹೊಟ್ಟೆಗೆ ಟೀ ಬಿಟ್ಟು ಏನೂ ಇಲ್ಲದ ಮನುಷ್ಯನನ್ನು ಬಿಸಿ ಎಣ್ಣೆ ಬಾಣಲೆ ಮುಂದೆ ನಿಲ್ಲಿಸಿ ಬೇಡ ಅನ್ನು ಅಂದರೆ ಯಾರು ಅನ್ನುತ್ತಾರೆ? ನಾಲ್ಕೂವರೆಗೆ ಲ್ಯಾಬಿನಲ್ಲೇ ಏನಾದರೂ ತಿನ್ನಲಿ. ಹುರಿಗಡಲೆ, ನೆನೆಸಿದ ಕಾಳಿನ ಉಸ್ಲಿ, ಒಂದು ಲೋಟ ಮಜ್ಜಿಗೆ. ಕೆಲವು ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುವವರಿಗೆ ಇಷ್ಟು ಹೊತ್ತು ಖಾಲಿ ಇದ್ದರೆ ಲೋ ಶುಗರ್ ಆಗುವ ಅಪಾಯವೂ ಇದೆ. ಅವರ ಮಾತ್ರೆ ಯಾವುದು ಅಂತ ಡಾಕ್ಟರ್ ಹತ್ತಿರ ಕೇಳಿಕೊಳ್ಳಲಿ.

ಹುಬ್ಬಳ್ಳಿ_ಮಂದಿ
ಮಿರ್ಚಿ ಬಿಟ್ಟು ಬರೇ ಮಂಡಕ್ಕಿ ತಿಂದರೆ? ಹಗುರ ಇರುತ್ತದಲ್ಲ.

ಆರೋಗ್ಯ_ಕಚೇರಿ
ತೂಕ ಹಗುರ, ಸಕ್ಕರೆ ಹಗುರ ಅಲ್ಲ. ಮಂಡಕ್ಕಿ ಅಂದರೆ ಉಬ್ಬಿದ ಅಕ್ಕಿ, ಬೇಗ ಕರಗಿ ರಕ್ತಕ್ಕೆ ಹೋಗುತ್ತದೆ. ಕಡಲೆ, ಈರುಳ್ಳಿ, ಸೌತೆಕಾಯಿ ಜಾಸ್ತಿ ಹಾಕಿಸಿ, ಮಂಡಕ್ಕಿ ಒಂದು ಹಿಡಿಗೆ ಇಳಿಸಿದರೆ ಸ್ವಲ್ಪ ಉತ್ತಮ.

ಸೈಕಾಲಜಿ_ಬೆಂಚು
ಅಕ್ಕಾ, ನಿಮ್ಮ "ಎಲ್ಲಿಂದ ಶುರು" ಅನ್ನುವ ಪ್ರಶ್ನೆಗೆ ಇಲ್ಲಿ ಉತ್ತರ ಇದೆ ಅನ್ನಿಸುತ್ತದೆ. ಪೀಟರ್ ಗೋಲ್‌ವಿಟ್ಜರ್ ಅನ್ನುವ ಮನಶ್ಶಾಸ್ತ್ರಜ್ಞರು ಗಮನಿಸಿದ್ದು ಇದು. "ವಾಕಿಂಗ್ ಮಾಡುತ್ತೇನೆ" ಅಂತ ಅಂದುಕೊಂಡವರಿಗಿಂತ "ಇಂಥದ್ದು ಆದ ತಕ್ಷಣ ಇಂಥದ್ದು ಮಾಡುತ್ತೇನೆ" ಅಂತ ಹೊತ್ತು, ಜಾಗ ಗೊತ್ತು ಮಾಡಿಕೊಂಡವರು ಜಾಸ್ತಿ ಮಾಡುತ್ತಾರೆ. ಆ ಹೊತ್ತಲ್ಲಿ ಮತ್ತೆ ಯೋಚನೆ ಮಾಡಿ ತೀರ್ಮಾನಿಸುವ ಕೆಲಸ ಉಳಿಯುವುದಿಲ್ಲ. ಆದರೆ ಆ ಮಾತನ್ನು ಕಟ್ಟಿಕೊಳ್ಳಬೇಕಾದವರು ಅವರು, ನೀವಲ್ಲ. ಹೆಂಡತಿ ಬರೆದುಕೊಟ್ಟದ್ದು ಇನ್ನೊಂದು ಡಯಟ್ ಚಾರ್ಟ್ ಆಗುತ್ತದೆ.

ಕೆಂಪುಬಳೆ
ಕಾಳು ನೆನೆಹಾಕುವುದೂ ಅವರೇ ಮಾಡಲಿ. ರಕ್ತದ ಟ್ಯೂಬಿಗೆ ಲೇಬಲ್ ಹಚ್ಚಲು ಬರುವ ಕೈಗೆ ಕಡಲೆ ನೆನೆಹಾಕಲು ಬರುತ್ತದೆ.

ಕಡಲತಡಿ_ಬ್ಯಾಂಕು
ಮೊಬೈಲ್ ಅಂಗಡಿಯ ಗೆಳೆಯ ಇದ್ದಾರಲ್ಲ, ನಮ್ಮ ಏಜೆಂಟ್ ಅವರೇ. ಜಾಗವೂ ಅದೇ, ಹೊತ್ತೂ ಅದೇ. ನಾಲ್ವರೂ ಮೊದಲು ಒಂದು ಸುತ್ತು ನಡೆದು ಬಂದು ಆಮೇಲೆ ನಿಂತು ಹರಟೆ ಹೊಡೆಯಲಿ.

ಬೆಳಿಗ್ಗೆ_ಐದಕ್ಕೆ
ನಡೆದು ಬಂದು ಮತ್ತೆ ಮಿರ್ಚಿ ತಿಂದರೆ?

ಕಡಲತಡಿ_ಬ್ಯಾಂಕು
ಒಂದು ತಿನ್ನಲಿ ಬಿಡಿ ಮಾರಾಯ್ರೇ. ಪಿಗ್ಮಿಯಲ್ಲೂ ಎರಡಾಣೆಯಿಂದ ಶುರು ಮಾಡಿಸಿದ್ದು.

ಒಗ್ಗರಣೆ_ದಾವಣಗೆರೆ
ಎರಡು ದಿನ ಬರಲಿಕ್ಕೆ ಆಗಲಿಲ್ಲ. ಇದನ್ನೆಲ್ಲ ಅವರಿಗೆ ಓದಿ ಹೇಳಲಿಲ್ಲ, ಹೇಳಿದರೆ ಅದೂ ಉಪದೇಶವೇ. ನಿನ್ನೆ ಊಟಕ್ಕೆ ಕೂತಾಗ ಇಷ್ಟೇ ಕೇಳಿದೆ: "ನಿಮ್ಮ ಲ್ಯಾಬಿಗೆ ನಿಮ್ಮಂಥದ್ದೇ ಕೆಲಸ, ನಿಮ್ಮಂಥದ್ದೇ ಗೆಳೆಯರು ಇರುವ ಒಬ್ಬರು 7.4 ಹಿಡಿದುಕೊಂಡು ಬಂದರೆ ಏನು ಹೇಳುತ್ತೀರಿ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಗೆ ಸಂಜೆ ಹಸಿವಾಗುತ್ತದಾ ಅಂತ ನಾನು ಯಾವತ್ತೂ ಕೇಳಿಲ್ಲ" ಅಂದರು. ಆಮೇಲೆ ಗೆಳೆಯರಲ್ಲಿ ಒಬ್ಬರಿಗೂ ಶುಗರ್ ಇದೆ, ಅವರು ಮನೆಯಲ್ಲಿ ಹೇಳಿಲ್ಲ ಅಂತ ಬಾಯಿಬಿಟ್ಟರು. ಇಬ್ಬರೂ ಮಾತಾಡಿಕೊಳ್ಳುತ್ತಾರಂತೆ. ಶಟರ್ ಎಳೆದ ತಕ್ಷಣ ಗಾಡಿ ಹತ್ತುವ ಬದಲು ನಡೆದೇ ಆ ಅಂಗಡಿಗೆ ಹೋಗುವುದು ಅಂತ ಒಂದು ಮಾತಾಗಿದೆ. ದಾರಿ ಹತ್ತಿರವೇ, ವಾಪಸ್ ಬಂದು ಗಾಡಿ ತಗೊಳ್ಳಲೇಬೇಕು. ಹೋಗುತ್ತಾರೋ ಇಲ್ಲವೋ ನಾನು ನೋಡಲು ಹೋಗುವುದಿಲ್ಲ. ಮುಂದಿನ ಎಚ್‌ಬಿಎ1ಸಿ ಮೂರು ತಿಂಗಳಿಗೆ, ಅವರೇ ಮಾಡಿಕೊಳ್ಳುತ್ತಾರೆ.

ಕೆಂಪುಬಳೆ
ಆ ಗೆಳೆಯರ ಮನೆಯಲ್ಲೂ ಗೊತ್ತಾಗಲಿ ಅಂತ ಹೇಳಿ. ಕಾಯಿಲೆ ಮುಚ್ಚಿಟ್ಟರೆ ಕೊನೆಗೆ ಓಡಾಡುವವಳು ಆ ಮನೆಯ ಹೆಂಗಸೇ.

ಬೆಳಿಗ್ಗೆ_ಐದಕ್ಕೆ
ಗಾಡಿ ಕೀಲಿ ಲ್ಯಾಬಿನೊಳಗೇ ಬಿಟ್ಟು ಶಟರ್ ಹಾಕಿಕೊಂಡು ಹೋಗಲಿ. ಇದು ನನ್ನ ಸಲಹೆ. ಏರ್ಪಾಡು ಪಾರ್ಟಿ ಸೇರಿದೆ ಅಂತ ಯಾರೂ ನಗಬೇಡಿ.

ಹುಬ್ಬಳ್ಳಿ_ಮಂದಿ
ಸಿಸ್ಟರ್, ಆ ಉಸ್ಲಿಗೆ ಹಸಿ ಕೊಬ್ಬರಿ ಹಾಕಬಹುದಾ?

ರಾತ್ರಿಪಾಳಿ_ಸಿಸ್ಟರ್
ಹಾಕಿ, ಒಂದು ಚಮಚ. ನಿಂಬೆಹಣ್ಣು ಜಾಸ್ತಿ ಹಿಂಡಿ, ಉಪ್ಪು ಕಡಿಮೆ ಸಾಕಾಗುತ್ತದೆ.